ನಕ್ಷತ್ರ ಮತ್ತು ಗೋದಲಿಯ ಬಗ್ಗೆ

ರಾಬರ್ಟ್‌ಸನ್‌ಪೇಟೆಯ ನಿಮ್ಮ ನೆರೆಮನೆಯವರು ಕ್ರಿಸ್‌ಮಸ್‌ಗಾಗಿ ಡಿಸೆಂಬರ್ ಆರಂಭದಲ್ಲೇ ಬಾಗಿಲಿಗೆ ಕಾಗದದ ನಕ್ಷತ್ರ ತೂಗುಹಾಕಿ, ಜಗುಲಿಯಲ್ಲಿ ಗೋದಲಿ ಎನ್ನುವ ಹುಲ್ಲಿನ ಕೊಟ್ಟಿಗೆ ಕಟ್ಟುವುದು ಕೇವಲ ಅಂದಕ್ಕಾಗಿಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಇದೇ ಕೆಜಿಎಫ್‌ನಲ್ಲಿ (ಕೋಲಾರ ಚಿನ್ನದ ಗಣಿ ಪ್ರದೇಶ) ಹುಟ್ಟಿ ಬೆಳೆದ ಕ್ರೈಸ್ತನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಮೂಡಣದ ಜ್ಞಾನಿಗಳಿಗೆ ಯೇಸು ಹುಟ್ಟಿದ ಬೆತ್ಲೆಹೇಮಿನ ದಾರಿ ತೋರಿದ್ದು ಒಂದು ನಕ್ಷತ್ರ. ಬಾಗಿಲ ನಕ್ಷತ್ರವು ಅದರ ನೆನಪು. ಲೂಕನ ಸುವಾರ್ತೆಯ ಪ್ರಕಾರ, ಛತ್ರದಲ್ಲಿ ಸ್ಥಳವಿಲ್ಲದೆ ಯೇಸುವಿನ ತಾಯಿ ಮರಿಯಳು ಮಗುವನ್ನು ಗೋದಲಿಯಲ್ಲಿ, ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿಯಲ್ಲಿ, ಮಲಗಿಸಿದಳು. ಆ ಬಡತನವನ್ನು ಜನ ಕಣ್ಣಾರೆ ಕಾಣಲೆಂದು ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಆ ದೃಶ್ಯವನ್ನು ಸಜ್ಜುಗೊಳಿಸಿದರು. ಮನೆಮನೆಯ ಗೋದಲಿಗೆ ಪ್ರೇರಣೆ ಅಲ್ಲಿಂದಲೇ ಬಂದಿತು. ನಮ್ಮ ಮನೆಯಲ್ಲಿ ಅದಕ್ಕೆ ರಾಗಿಹುಲ್ಲನ್ನೇ ಹೊದಿಸುತ್ತೇವೆ, ಎರಡು ವಾರ ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತಿ ಆ ಹಸುರು ಪೈರನ್ನು ಸುತ್ತಲೂ ಇಡುತ್ತೇವೆ. ಬಾಲಯೇಸುವಿನ ಪ್ರತಿಮೆಯನ್ನು ಮಾತ್ರ 24ರ ರಾತ್ರಿಯವರೆಗೆ ಇಡುವುದಿಲ್ಲ, ಏಕೆಂದರೆ ಹಬ್ಬಕ್ಕೆ ಮೊದಲಿನ ನಾಲ್ಕು ಭಾನುವಾರಗಳು ಕಾಯುವಿಕೆಯ ಕಾಲ, ಮತ್ತು ಆ ಖಾಲಿ ಜಾಗ ಮಕ್ಕಳಿಗೆ ಕಾಯುವುದನ್ನು ಕಲಿಸುತ್ತದೆ.

 

ನಿಮ್ಮ ನೆರೆಮನೆಯವರ ಗೋದಲಿಯನ್ನು ನೋಡಲು ಒಮ್ಮೆ ಹೋಗಿ. ಸಾಮಾನ್ಯವಾಗಿ ಜನವರಿ 6ರವರೆಗೆ ಅದನ್ನು ತೆಗೆಯುವುದಿಲ್ಲ.