ಓದುಗರ ಪ್ರಶ್ನೆ: 2,300 ಹಾಡು, ಹೊತ್ತಿಗೆ ತಕ್ಕಂತೆ ಜೋಡಿಸೋದು ಹೇಗೆ?

ಪ್ರಶ್ನೆ: ನಮ್ಮದೊಂದು ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ಇದೆ. ಹನ್ನೆರಡು ಜನ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಬೆಳಗ್ಗೆಯಿಂದ ಸಂಜೆವರೆಗೆ ಸ್ಪೀಕರ್‌ನಲ್ಲಿ ಹಾಡು ಇರಲೇಬೇಕು. ಪೆನ್‌ಡ್ರೈವ್‌ನಲ್ಲಿ 2,300 ಹಾಡುಗಳಿವೆ, ಕನ್ನಡ ತೆಲುಗು ಎರಡೂ. ಆದರೆ ಭಕ್ತಿಗೀತೆ ಮುಗಿದ ಕೂಡಲೇ ಕುಣಿಯೋ ಹಾಡು, ಅದರ ಹಿಂದೆಯೇ ಅಳಿಸೋ ಹಾಡು. ಒಂದೊಂದೇ ಆರಿಸಿ ಜೋಡಿಸಲು ನನಗೆ ಪುರುಸೊತ್ತಿಲ್ಲ. ಕಂಪ್ಯೂಟರೇ ಆರಿಸಿ ಪಟ್ಟಿ ಮಾಡಿಕೊಡುತ್ತದಾ ಸರ್?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಮಾಡಿಕೊಡುತ್ತದೆ ಅಮ್ಮ. ಆದರೆ ಅದು ನೋಡೋದು ಹಾಡಿನ ಜೊತೆ ಬರೆದಿಟ್ಟ ವಿವರವನ್ನು. ವಿವರ ಸರಿ ಇಲ್ಲದಿದ್ದರೆ ಪಟ್ಟಿಯೂ ಸರಿ ಬರೋದಿಲ್ಲ.

ತುಮಕೂರಿನ ಮಂಡಿಪೇಟೆ ಹತ್ತಿರ ನಾನು ಹದಿನಾಲ್ಕು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು. ಜನ ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಚೀಟಿ ಕೊಟ್ಟು ಹೋಗುತ್ತಿದ್ದರು. 90 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ 45 ನಿಮಿಷ. ಲೆಕ್ಕ ತಪ್ಪಿದರೆ ಕೊನೆಯ ಹಾಡು ಚರಣದ ನಡುವೆಯೇ ಕತ್ತರಿಸಿಹೋಗುತ್ತಿತ್ತು. ಅದಕ್ಕೇ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದೆ. ಗೆರೆಗೊಂದು ಹಾಡು. ಹಾಡಿದವರು ಯಾರು, ಎಷ್ಟು ನಿಮಿಷ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಕ್ಷರ. 'ಬೆ' ಅಂದರೆ ಬೆಳಗಿನದು, 'ನಿ' ಅಂದರೆ ನಿಧಾನದ್ದು, 'ಎ' ಅಂದರೆ ಎಚ್ಚರ ಇಡುವಂಥದ್ದು. ಆ 'ಎ' ಬರೆಯಲು ಶುರು ಮಾಡಿದ್ದು ಒಬ್ಬ ಲಾರಿ ಡ್ರೈವರ್ ಹೇಳಿದ ಮೇಲೆ. ರಾತ್ರಿ ಹೊತ್ತು ಪುಣೆ ಕಡೆ ಲೋಡ್ ಹೊಡೆಯುತ್ತಿದ್ದವರು. "ಅಣ್ಣ, ಎರಡನೇ ಸೈಡಿಗೆ ಜೋಗುಳದಂಥದ್ದು ಒಂದೂ ಹಾಕ್ಬೇಡ. ಅದು ಬರೋ ಹೊತ್ತಿಗೆ ಶಿರಾ ದಾಟಿರ್ತೀನಿ, ಕಣ್ಣು ಎಳೀತಿರುತ್ತೆ" ಅಂದರು. ಪುಸ್ತಕದ ಮೇಲೆ ಬೆರಳಾಡಿಸಿ, 'ಎ' ಇರೋದನ್ನೆಲ್ಲ ಹೆಕ್ಕಿ, ನಿಮಿಷ ಕೂಡಿಸಿ 45ಕ್ಕೆ ತಂದೆ. ಇವತ್ತು ಕಂಪ್ಯೂಟರ್ ಮಾಡೋದೂ ಇದೇ ಕೆಲಸ.

ಪುಸ್ತಕದ ಆ ಗೆರೆ ಈಗ ಎಂಪಿ3 ಫೈಲಿನ ಒಳಗೇ ಇರುತ್ತದೆ. ಟ್ಯಾಗ್ ಅನ್ನುತ್ತಾರೆ. 1996ರಲ್ಲಿ ಮೊದಲು ಬಂದಾಗ ಅದಕ್ಕೆ ಇದ್ದ ಜಾಗ ಫೈಲಿನ ಕೊನೆಯಲ್ಲಿ ಬರೀ 128 ಬೈಟ್, ಹಾಡಿನ ಹೆಸರಿಗೆ 30 ಅಕ್ಷರ. 1998ರಲ್ಲಿ ಬಂದ ಹೊಸ ಟ್ಯಾಗ್‌ನಲ್ಲಿ ಸಂಗೀತ ಕೊಟ್ಟವರು, ಸಾಹಿತ್ಯ ಬರೆದವರು, ಭಾಷೆ, ವೇಗ ಎಲ್ಲಕ್ಕೂ ಜಾಗ ಇದೆ. 2002ರಲ್ಲಿ ಆಪಲ್ ಕಂಪನಿಯ ಹಾಡಿನ ತಂತ್ರಾಂಶ ಐಟ್ಯೂನ್ಸ್ 'ಸ್ಮಾರ್ಟ್ ಪ್ಲೇಲಿಸ್ಟ್' ತಂದಿತು. ಇಲ್ಲಿ ನೀವು ಹಾಡು ಆರಿಸೋದಿಲ್ಲ, ಷರತ್ತು ಹೇಳುತ್ತೀರಿ. ಭಾಷೆ ಕನ್ನಡ, ವೇಗ ನಿಮಿಷಕ್ಕೆ 90 ತಾಳದ ಒಳಗೆ, ಹದಿನೈದು ದಿನದಿಂದ ಕೇಳಿಲ್ಲದ್ದು. ಪಟ್ಟಿ ತಾನಾಗಿ ತುಂಬಿಕೊಳ್ಳುತ್ತದೆ. ವಿಂಡೋಸ್ ಕಂಪ್ಯೂಟರ್‌ಗೆ ಸಿಗುವ ಹಾಡಿನ ತಂತ್ರಾಂಶ ಮ್ಯೂಸಿಕ್‌ಬೀಯಲ್ಲೂ ಇದೇ ಸೌಲಭ್ಯ ಇದೆ, ದುಡ್ಡು ಕೊಡಬೇಕಿಲ್ಲ. ನಿಮಗೆ ಅದು ಸಾಕು.

ಈಗ ನಿಮ್ಮ ಹಾಡುಗಳ ಟ್ಯಾಗ್ ಒಮ್ಮೆ ತೆರೆದು ನೋಡಿ. ಹಾಡಿದವರ ಜಾಗದಲ್ಲಿ ಯಾವುದೋ ವೆಬ್‌ಸೈಟ್ ಹೆಸರು ಇರುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಒಂದು ಕಡೆ ಎಸ್‌ಪಿಬಿ, ಇನ್ನೊಂದು ಕಡೆ ಎಸ್.ಪಿ. ಬಾಲು. ನಮಗೆ ಒಬ್ಬರೇ, ಕಂಪ್ಯೂಟರ್‌ಗೆ ಮೂವರು. ವರ್ಷದ ಜಾಗದಲ್ಲಿ ಎಷ್ಟೋ ಸಲ ಹಾಡು ಬಂದ ವರ್ಷದ ಬದಲು ಸಿಡಿ ಮಾಡಿದ ವರ್ಷ ಇರುತ್ತದೆ. ಎಂಪಿ3ಟ್ಯಾಗ್ ಅನ್ನೋ ತಂತ್ರಾಂಶದಲ್ಲಿ ನೂರಾರು ಹಾಡನ್ನು ಒಟ್ಟಿಗೆ ತಿದ್ದಬಹುದು. ಆದರೆ ಎಲ್ಲ ತಿದ್ದಲು ಹೋಗಬೇಡಿ, ಸುಸ್ತಾಗಿ ಬಿಟ್ಟುಬಿಡುತ್ತೀರಿ. ನಿಮಗೆ ಬೇಕಾಗಿರೋದು ಭಾಷೆ, ವೇಗ, ಹೊತ್ತು ಈ ಮೂರೇ.

ವೇಗ ಅಂದರೆ ನಿಮಿಷಕ್ಕೆ ಎಷ್ಟು ತಾಳ ಬೀಳುತ್ತದೆ ಅನ್ನೋದು. ಬಿಪಿಎಂ ಅನ್ನುತ್ತಾರೆ. ಇದನ್ನು ತಾನೇ ಅಳೆದು ಬರೆಯುವ ತಂತ್ರಾಂಶಗಳಿವೆ. ಹಾಗಂತ ಪೂರ್ತಿ ನಂಬಬೇಡಿ. ತಬಲದ ಒಳಪೆಟ್ಟುಗಳನ್ನೂ ಎಣಿಸಿ ಎಷ್ಟೋ ಸಲ ದುಪ್ಪಟ್ಟು ಬರೆದುಬಿಡುತ್ತವೆ. ನನ್ನ ಹತ್ತಿರದ ಒಂದು ಭಾವಗೀತೆಗೆ 152 ಅಂತ ಬಂತು. ಅಷ್ಟು ಮೆಲ್ಲನೆ ಹಾಡು, ಸಾಧ್ಯವೇ ಇಲ್ಲ ಅನ್ನಿಸಿತು. ಗಡಿಯಾರ ಮುಂದಿಟ್ಟುಕೊಂಡು, ಕಾಲಲ್ಲಿ ತಾಳ ಹಾಕುತ್ತಾ 15 ಸೆಕೆಂಡ್ ಎಣಿಸಿದೆ. 19 ಬಂತು. ನಾಲ್ಕರಿಂದ ಗುಣಿಸಿದರೆ 76, ಸರಿಯಾಗಿ ಅರ್ಧ. ನೋಡದೆ ಬಿಟ್ಟಿದ್ದರೆ ಅದು ಕುಣಿಯೋ ಹಾಡುಗಳ ಸಾಲಿಗೆ ಸೇರಿಬಿಡುತ್ತಿತ್ತು. ತಾಳವೇ ಇಲ್ಲದ ಶ್ಲೋಕಕ್ಕೂ ಏನೋ ಒಂದು ಸಂಖ್ಯೆ ಬರೆದಿರುತ್ತದೆ, ಅದನ್ನು ಅಳಿಸಿಬಿಡಿ.

ಹೊತ್ತು ಮಾತ್ರ ನೀವೇ ಬರೆಯಬೇಕು. ಅಮೆರಿಕದ ಪಂಡೋರಾ ಅನ್ನೋ ಇಂಟರ್ನೆಟ್ ರೇಡಿಯೋದವರು ಹಾಡುಗಳ ಗುಣ ಗುರುತಿಸಲು ಸಂಗೀತ ಬಲ್ಲವರನ್ನೇ ಕೂರಿಸಿ, ಒಂದೊಂದು ಹಾಡನ್ನೂ ಕೇಳಿಸಿ ಬರೆಸಿದರು. ಅವರ ಪಟ್ಟಿಯಲ್ಲಿ ಸುಮಾರು 450 ಗುಣಗಳಿದ್ದವು. ನಿಮಗೆ ನಾಲ್ಕು ಸಾಕು: ಬೆಳಗ್ಗೆ, ಊಟಕ್ಕೆ ಮುಂಚೆ, ಊಟದ ಮೇಲೆ, ಸಂಜೆ. ಮ್ಯೂಸಿಕ್‌ಬೀಯಲ್ಲಿ 'ಒಕೇಷನ್' ಅಂತ ಒಂದು ಜಾಗ ಇದೆ, ಅಲ್ಲಿ ಬರೆಯಿರಿ. ಇದಕ್ಕೆ ಬೇರೆ ಸಮಯ ಬೇಕಿಲ್ಲ. ಹಾಡು ಹೇಗೂ ಓಡುತ್ತಿರುತ್ತದಲ್ವಾ? ಬೇಸಿನ್ ಮುಂದೆ ಕೂತವರನ್ನು ಗಮನಿಸಿ. ಯಾರು ಜೊತೆಗೆ ಗುನುಗಿದರು, ಯಾವ ಹಾಡಿಗೆ ಎಲ್ಲರೂ ಸುಮ್ಮನಾದರು. ಬಾಯಿಬಿಟ್ಟೂ ಕೇಳಿ. ಕೈ ಬಿಸಿನೀರಿನಲ್ಲಿ, ಕಣ್ಣು ಎಳೆಯ ಮೇಲೆ ಇರುವವರು ಹಾಡು ಬದಲಿಸಲು ಎದ್ದು ಬರಲಾರರು. ಬೇಡದ ಹಾಡನ್ನೂ ಸುಮ್ನೆ ಸಹಿಸಿಕೊಳ್ಳುತ್ತಾರೆ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ ಅಮ್ಮ. ಹಾಡು ನಿಮ್ಮದು, ಆದರೆ ದಿನವಿಡೀ ಕೇಳುವವರು ಅವರು. ಅವರು ಬೇಡ ಅಂದದ್ದಕ್ಕೆ 'ಬೇಡ' ಅಂತಲೇ ಬರೆಯಿರಿ. ದಿನಕ್ಕೆ 40 ಹಾಡಿನಂತೆ ಬರೆದರೆ ಎರಡು ತಿಂಗಳಲ್ಲಿ ಮುಗಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಪೆನ್‌ಡ್ರೈವ್ ಸ್ಪೀಕರ್‌ಗೆ ಹಾಕಿದಾಗ ಎಲ್ಲ ಕಲಸಿಹೋಗಬಹುದು. ಕಂಪ್ಯೂಟರ್ ಮಾಡಿದ ಪಟ್ಟಿಯನ್ನು ಸಣ್ಣ ಸ್ಪೀಕರ್‌ಗಳು ಸಾಮಾನ್ಯವಾಗಿ ಓದೋದಿಲ್ಲ. ಬಹಳಷ್ಟು ಸ್ಪೀಕರ್‌ಗಳು, ಫೈಲ್‌ಗಳು ಪೆನ್‌ಡ್ರೈವ್‌ಗೆ ಯಾವ ಕ್ರಮದಲ್ಲಿ ಹೋದವೋ ಅದೇ ಕ್ರಮದಲ್ಲಿ ಹಾಡುತ್ತವೆ. ಹಾಗಾಗಿ ಹಾಡುಗಳೆಲ್ಲ ಕಂಪ್ಯೂಟರ್‌ನಲ್ಲಿ ಇವೆಯೇ ಅಂತ ನೋಡಿಕೊಂಡು, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಖಾಲಿ ಮಾಡಿ. ಹೊತ್ತಿಗೊಂದು ಫೋಲ್ಡರ್ ಮಾಡಿ, ಫೈಲಿನ ಹೆಸರಿನ ಮುಂದೆ 001, 002 ಅಂತ ಹಾಕಿ, ಅದೇ ಕ್ರಮದಲ್ಲಿ ತುಂಬಿ. ಹಾಡಿನ ಕ್ರಮ ಕಲಸುವ ಶಫಲ್ ಆಫ್ ಇರಲಿ. ಒಂದು ಹಾಡು ಮೆಲ್ಲಗೆ, ಇನ್ನೊಂದು ಕಿರುಚಿದಂತೆ ಕೇಳಿದರೆ ಎಂಪಿ3ಗೇನ್ ಅನ್ನೋ ತಂತ್ರಾಂಶ ಬಳಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತನ್ನಿ. ಅದು ಫೈಲನ್ನೇ ಬದಲಿಸುತ್ತದೆ, ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಹಾಡಿನ ಹೆಸರು ಕನ್ನಡದಲ್ಲಿ ಬರೆದರೆ ಕಾರಿನ ಸ್ಟೀರಿಯೋದಲ್ಲಿ ಚೌಕ ಚೌಕ ಕಾಣುತ್ತದೆ. ಯಾಕೆ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಸ್ಟೀರಿಯೋದಲ್ಲಿ ಕನ್ನಡ ಫಾಂಟ್ ಇಲ್ಲ. ನೀವು ಬರೆದದ್ದು ಸರಿಯಾಗೇ ಇದೆ, ಅದೇ ಪೆನ್‌ಡ್ರೈವ್ ಕಂಪ್ಯೂಟರ್‌ಗೆ ಹಾಕಿದರೆ ಕನ್ನಡ ಕಾಣುತ್ತದೆ. ಕಾರಿಗೆ ಬೇರೆ ಪೆನ್‌ಡ್ರೈವ್ ಇಟ್ಟು, ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯಿರಿ. ಮನೆಯ ಹಾಡುಗಳ ಕನ್ನಡ ಹೆಸರು ಮಾತ್ರ ಅಳಿಸಬೇಡಿ.