‘ಎಷ್ಟು ನಿಮಿಷ ಆಡಿದೆ?’

ನವೆಂಬರ್ ಬಂದರೆ ಇಲ್ಲಿನ, ಅಂದರೆ ಅಮೆರಿಕದ, ಕನ್ನಡ ಮನೆಗಳಿಂದ ಆಪ್ತ ಸಲಹೆ ಕೊಡುವ ನನಗೆ ಒಂದೇ ಬಗೆಯ ಫೋನ್ ಬರುತ್ತದೆ. ಕಾಲೇಜು ಹುಡುಗಿಯರ ಸಾಕರ್, ಅಂದರೆ ನಮ್ಮ ಫುಟ್‌ಬಾಲ್, ಆಗಸ್ಟ್‌ನಲ್ಲಿ ಶುರುವಾಗುತ್ತದೆ. ನವೆಂಬರ್ ಹೊತ್ತಿಗೆ ಹೆಚ್ಚಿನ ತಂಡಗಳ ಆಟ ಮುಗಿದಿರುತ್ತದೆ. ಆಮೇಲೆ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುತ್ತದೆ. ಬೇರೆ ಕಾಲೇಜಿಗೆ ಹೋಗಬೇಕು ಅನ್ನುವವರು ಅದರಲ್ಲಿ ಹೆಸರು ಹಾಕಿಸಿದರೆ, ಅಲ್ಲಿನ ಕೋಚ್‌ಗಳು ಅವರ ಜೊತೆ ಮಾತಾಡಬಹುದು. 2018ರಲ್ಲಿ ಬಂದ ಈ ವ್ಯವಸ್ಥೆಯಿಂದ ಒಳ್ಳೆಯದಾದವರೂ ಇದ್ದಾರೆ. ಅಂಥವರು ನನಗೆ ಫೋನ್ ಮಾಡುವುದಿಲ್ಲ, ಅಷ್ಟೆ. ನನಗೆ ಬರುವುದು ಗಾಬರಿಯ ದನಿ. “ಮೇಡಂ, ಮಗಳು ಈ ಕಾಲೇಜೇ ಬೇಡ ಅಂತಿದ್ದಾಳೆ. ನೀವು ಸ್ವಲ್ಪ ಮಾತಾಡಿ.”

ಅಂಥ ಒಂದು ಪ್ರಕರಣವನ್ನು, ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬದಲಿಸಿ ಬರೆದಿದ್ದೇನೆ.

ಹುಡುಗಿ ಹುಟ್ಟಿದ್ದು ಇಲ್ಲೇ. ಅಪ್ಪ ಅಮ್ಮ ಕರ್ನಾಟಕದವರು. ಆಡುವ ಜಾಗ ಸೆಂಟರ್ ಬ್ಯಾಕ್, ಅಂದರೆ ಗೋಲ್‌ಕೀಪರ್ ಮುಂದೆ ನಿಲ್ಲುವ ಡಿಫೆಂಡರ್. ಕ್ಲಬ್ ತಂಡದಲ್ಲಿ ಅವಳೇ ಕ್ಯಾಪ್ಟನ್. ವರ್ಷಗಟ್ಟಲೆ ಶನಿವಾರ ಭಾನುವಾರ ಅಪ್ಪ ಕಾರು ಓಡಿಸಿಕೊಂಡು ಊರೂರು ಸುತ್ತಿಸಿದ್ದರು. ಕೊನೆಗೆ ಡಿವಿಷನ್ ಒನ್, ಅಂದರೆ ಕಾಲೇಜು ಆಟದ ಅತಿ ಮೇಲಿನ ಹಂತದ, ಕಾಲೇಜೊಂದರಲ್ಲಿ ಜಾಗ, ಜೊತೆಗೆ ಸ್ವಲ್ಪ ಸ್ಕಾಲರ್‌ಶಿಪ್. ಮೊದಲ ಪಂದ್ಯಗಳಲ್ಲಿ ಕೋಚ್ ಆಡಿಸಿದರು. ಒಂದು ದಿನ ಕೀಪರ್‌ಗೆ ಕೊಟ್ಟ ಪಾಸು ಎದುರಾಳಿಯ ಕಾಲಿಗೆ ಸಿಕ್ಕಿತು, ಗೋಲಾಯಿತು. ಅಲ್ಲಿಂದ ಬೆಂಚು.

ಡಿಫೆಂಡರ್‌ಗಳ ಕಷ್ಟವೇ ಇದು. ಪಂದ್ಯ ಮುಗಿದ ಮೇಲೆ ಕಾಲೇಜಿನವರು ವೆಬ್‌ಸೈಟಿನಲ್ಲಿ ಹಾಕುವ ಬಾಕ್ಸ್ ಸ್ಕೋರ್‌ನಲ್ಲಿ ಗೋಲು, ಅಸಿಸ್ಟ್, ಶಾಟ್ ಎಲ್ಲಕ್ಕೂ ಕಾಲಂ ಇರುತ್ತದೆ. ಒಳ್ಳೆಯ ಡಿಫೆಂಡರ್ ಹೆಸರಿನ ಮುಂದೂ ಬರೀ ಸೊನ್ನೆಯೇ ಇರಬಹುದು. ಸರಿಯಾದ ಜಾಗದಲ್ಲಿ ನಿಂತು ಪಾಸು ಬರದಂತೆ ನೋಡಿಕೊಂಡಿದ್ದಕ್ಕೆ ಅಲ್ಲಿ ಕಾಲಂ ಇಲ್ಲ. ಹಾಗಾಗಿ ಮನೆಯವರ ಕಣ್ಣು ಉಳಿದಿರುವ ಒಂದೇ ಅಂಕಿಯ ಮೇಲೆ ಹೋಗುತ್ತದೆ: ನಿಮಿಷ.

ಮೊದಮೊದಲ ಭೇಟಿಗಳಲ್ಲಿ ಅವಳು ಕೋಚ್ ಬಗ್ಗೆ, ರೂಮ್‌ಮೇಟ್ ಬಗ್ಗೆ ಹೇಳಿದಳು. ಎಲ್ಲದಕ್ಕೂ ನಗು. ಒಂದು ಸಂಜೆ ನಾನು ಸುಮ್ನೆ ಕೇಳಿದೆ, “ಪಂದ್ಯ ಆದ ಮೇಲೆ ಮನೆಗೆ ಫೋನ್ ಮಾಡ್ತೀಯಾ?”

“ಮಾಡ್ತೀನಿ ಆಂಟಿ. ಅಮ್ಮ ಊಟ ಆಯ್ತಾ ಅಂತಾರೆ. ಅಪ್ಪ ಎಷ್ಟು ನಿಮಿಷ ಆಡಿದೆ ಅಂತಾರೆ.”

“ಅವರಿಗೆ ಗೊತ್ತಿರಲ್ವಾ?”

“ನಾನು ಬಸ್ ಹತ್ತೋ ಮೊದಲೇ ನೋಡಿರ್ತಾರೆ. ಗೊತ್ತಿದ್ದೂ ಕೇಳ್ತಾರೆ.” ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, “ಅದಕ್ಕೇ ಮಂಡಿ ನೋವು ಅಂತ ಹೇಳೋಕೆ ಶುರು ಮಾಡಿದೆ. ನೋವಿದ್ರೆ ಆಡಿಸಲಿಲ್ಲ ಅನ್ನೋಕೆ ಕಾರಣ ಸಿಗುತ್ತಲ್ಲ. ಈಗೀಗ ನಿಜವಾಗ್ಲೂ ಎಸಿಎಲ್ ಹರಿದುಹೋದ್ರೆ ಸಾಕು ಅನಿಸುತ್ತೆ.”

ಎಸಿಎಲ್ ಮಂಡಿಯೊಳಗಿನ ಒಂದು ತಂತು. ಹರಿದರೆ ಸಾಮಾನ್ಯವಾಗಿ ಆಪರೇಷನ್, ಆಮೇಲೆ ಒಂಬತ್ತು ತಿಂಗಳಿಂದ ಒಂದು ವರ್ಷ ಆಟವಿಲ್ಲ. ಸಾಕರ್ ಆಡುವ ಹುಡುಗಿಯರಿಗೆ ಈ ಗಾಯ ಹುಡುಗರಿಗಿಂತ ಜಾಸ್ತಿ. ತಂಡದ ಪ್ರತಿ ಹುಡುಗಿಯೂ ಹೆದರುವ ಆ ಗಾಯವನ್ನು ಇವಳು ರಜೆಯ ಹಾಗೆ ಬಯಸುತ್ತಿದ್ದಳು.

ನಾನು ನೇರವಾಗಿ ಕೇಳಿದೆ: “ಸಾಯಬೇಕು ಅಂತಾನೂ ಅನಿಸುತ್ತಾ?” ಇಲ್ಲ ಅಂದಳು. ನಿನಗೆ ನೀನೇ ಏನಾದರೂ ಮಾಡಿಕೊಳ್ಳುವ ಯೋಚನೆ? ಅದೂ ಇಲ್ಲ. ಹೀಗೆ ಬಾಯಿಬಿಟ್ಟು ಕೇಳಿದ್ದಕ್ಕೆ ಅವಳ ಅಮ್ಮನಿಗೆ ನನ್ನ ಮೇಲೆ ಬೇಸರವಾಯಿತು. ಆದರೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಕೇಳದಿದ್ದರೆ ಇರುವುದು ಒಳಗೇ ಉಳಿಯುತ್ತದೆ. 2022ರಲ್ಲಿ ಸ್ಟ್ಯಾನ್‌ಫರ್ಡ್ ತಂಡದ ಕ್ಯಾಪ್ಟನ್ ಆಗಿದ್ದ ಗೋಲ್‌ಕೀಪರ್ ಕೇಟಿ ಮೇಯರ್ ಅವರನ್ನು ಈ ದೇಶ ಆತ್ಮಹತ್ಯೆಗೆ ಕಳೆದುಕೊಂಡಿತು. ನಗುನಗುತ್ತಾ ಇರುವ ಹುಡುಗಿಯನ್ನೂ ಕೇಳಲೇಬೇಕು. ಅಮೆರಿಕದಲ್ಲಿ ಇರುವವರು 988 ಸಹಾಯವಾಣಿ ನಂಬರ್, ಭಾರತದಲ್ಲಿ ಇರುವವರು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ.

ಅವಳಿಗೆ ಹೇಳಿದ ಮೊದಲ ಮಾತು, ಈ ತಿಂಗಳು ಪೋರ್ಟಲ್ ಬೇಡ. ಒಮ್ಮೆ ಹೆಸರು ಹಾಕಿಸಿದರೆ ಆ ಸೆಮಿಸ್ಟರ್ ಮುಗಿದ ಮೇಲೆ ಸ್ಕಾಲರ್‌ಶಿಪ್ ನಿಲ್ಲಿಸುವ ಹಕ್ಕು ಕಾಲೇಜಿಗಿದೆ. ಬೇರೆ ಕಡೆ ಜಾಗ ಸಿಕ್ಕೇ ಸಿಗುತ್ತದೆ ಅಂತೇನಿಲ್ಲ. ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು ಎಂದ 2025ರ ಕೋರ್ಟ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ತಂಡಕ್ಕೆ 28 ಜನರ ಮಿತಿ ಬೇರೆ. ಅದಕ್ಕಿಂತ ಮುಖ್ಯವಾಗಿ, ಯಾವ ಕಾಲೇಜಿಗೆ ಹೋದರೂ ಪಂದ್ಯ ಆದ ಮೇಲೆ ಅಪ್ಪನ ಆ ಪ್ರಶ್ನೆ ಅಲ್ಲಿಗೂ ಬರುತ್ತದೆ, ಅಲ್ವಾ? ಸಾಕರ್ ಬಿಟ್ಟು ಓದಿಕೊಳ್ಳಲಿ ಎಂದು ಪರಿಚಯದ ಒಬ್ಬ ಸಲಹೆಗಾರರು ನನಗೆ ಹೇಳಿದರು. ಸೋತ ತಿಂಗಳಲ್ಲಿ ಆಟ ಬಿಡುವ ನಿರ್ಧಾರವನ್ನೂ ನಾನು ಒಪ್ಪುವುದಿಲ್ಲ. ಬಿಡುವುದಾದರೆ ಮನಸ್ಸು ತಣ್ಣಗಿರುವಾಗ ಬಿಡಲಿ.

ಎರಡನೆಯದು, ಕೋಚ್ ಹತ್ತಿರ ಹೋಗಿ ಕೇಳುವುದು. “ನನ್ನನ್ನು ಯಾಕೆ ಆಡಿಸಲ್ಲ” ಅಂತ ಕೇಳಿದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತಾರೆ. “ಏಪ್ರಿಲ್ ಒಳಗೆ ನನ್ನ ಆಟದಲ್ಲಿ ಏನು ಬದಲಾಗಬೇಕು” ಅಂತ ಕೇಳು ಎಂದೆ. ಸ್ಪ್ರಿಂಗ್‌ನಲ್ಲಿ, ಅಂದರೆ ಚಳಿಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ, ಕಾಲೇಜುಗಳಿಗೆ ಟ್ರೋಫಿಯ ಗೊಡವೆ ಇಲ್ಲದ ಕೆಲವು ಪಂದ್ಯಗಳಿರುತ್ತವೆ. ಹೊಸ ಹುಡುಗಿಯರನ್ನು ಕೋಚ್‌ಗಳು ನಿಧಾನವಾಗಿ ನೋಡುವುದು ಆಗಲೇ. ಜೊತೆಗೆ ಮಂಡಿಯ ಸುಳ್ಳನ್ನು ಆಟಗಾರರ ಗಾಯ ನೋಡಿಕೊಳ್ಳುವ ತಂಡದ ಟ್ರೈನರ್ ಹತ್ತಿರ ಹೇಳಿ ಮುಗಿಸಬೇಕು ಎಂದೆ. ಅದಕ್ಕೆ ಅತ್ತಳು. ಆದರೆ ಹೇಳಿದಳು.

ಅಪ್ಪನಿಗೆ ಹೇಳಿದ್ದು ಒಂದೇ: ನಿಮಿಷ ಕೇಳಬೇಡಿ.

“ಇಷ್ಟು ವರ್ಷ ದುಡ್ಡು, ಟೈಮ್ ಎಲ್ಲಾ ಹಾಕಿದ ಅಪ್ಪ ಅಷ್ಟೂ ಕೇಳಬಾರದಾ ಮೇಡಂ?” ಅಂದರು. ಆಮೇಲೆ ನೇಯೋಮಿ ಗಿರ್ಮಾ ಹೆಸರು ತೆಗೆದರು. ಇಥಿಯೋಪಿಯಾದಿಂದ ಬಂದ ತಂದೆ ತಾಯಿಯ ಮಗಳು, ಸೆಂಟರ್ ಬ್ಯಾಕ್. 2025ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ ಕೊಟ್ಟು ಕೊಂಡ ಆಟಗಾರ್ತಿ. ಮಹಿಳಾ ಫುಟ್‌ಬಾಲ್‌ನಲ್ಲಿ ಅಷ್ಟು ಬೆಲೆ ಅದೇ ಮೊದಲು. ವಲಸೆ ಬಂದ ಅಪ್ಪಂದಿರಿಗೆ ಈ ಕಥೆ ಎಷ್ಟು ಹತ್ತಿರ ಅಂತ ನನಗೆ ಗೊತ್ತು.

“ಸರ್, ಗಿರ್ಮಾ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಎಸಿಎಲ್ ಗಾಯದಿಂದ ಒಂದು ಸೀಸನ್ ಪೂರ್ತಿ ಆಡಲಿಲ್ಲ. ಆ ವರ್ಷ ಅವರ ನಿಮಿಷ ಸೊನ್ನೆ,” ಅಂದೆ. ಅವರು ಸುಮ್ಮನಾದರು. ನಾನು ಬಿಡಲಿಲ್ಲ. ಅವರು ಹಾಕಿದ ಟೈಮಿಗೆ ಬೆಲೆ ಇದೆ, ಆದರೆ ಅದರ ಲೆಕ್ಕವನ್ನು ಮಗಳು ವಾರ ವಾರ ಒಪ್ಪಿಸಬೇಕಾಗಿಲ್ಲ. ಗೊತ್ತಿರುವ ಉತ್ತರವನ್ನೇ ಕೇಳಿದರೆ ಅದು ವಿಚಾರಣೆ. ಮಕ್ಕಳಿಗೆ ಅದು ಬಹಳ ಬೇಗ ಗೊತ್ತಾಗುತ್ತದೆ. ನಾನು ಕಟುವಾಗಿ ಹೇಳಿದೆ ಎಂದು ಕೆಲವರಿಗೆ ಅನಿಸಬಹುದು. ಗಾಯವಾಗಲಿ ಎಂದು ಹುಡುಗಿ ಬೇಡಿಕೊಳ್ಳುತ್ತಿರುವಾಗ ಮೆತ್ತಗೆ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಬದಲಿಗೆ ಏನು ಮಾತಾಡಲಿ ಅಂತ ಕೇಳಿದರು. ಮುಂದಿನ ಪಂದ್ಯದ ವಿಡಿಯೊದಲ್ಲಿ ಹತ್ತು ನಿಮಿಷ ಚೆಂಡನ್ನು ಬಿಟ್ಟು ಡಿಫೆಂಡರ್‌ಗಳನ್ನೇ ನೋಡಿ, ಅರ್ಥವಾಗದ್ದನ್ನು ಮಗಳನ್ನು ಕೇಳಿ ಎಂದೆ. ಅವಳಿಗೆ ಉತ್ತರ ಗೊತ್ತಿದ್ದು ಅವರಿಗೆ ಗೊತ್ತಿಲ್ಲದ ಪ್ರಶ್ನೆ ಅದು.

ಕೋಚ್ ಕೊಟ್ಟ ಉತ್ತರ ಚಿಕ್ಕದು: ಎಡಗಾಲಿನ ಪಾಸು ಸುಧಾರಿಸಬೇಕು, ಜಾಸ್ತಿ ಕೂಗಬೇಕು. ಹಿಂದೆ ನಿಂತವರಿಗೆ ಇಡೀ ಮೈದಾನ ಕಾಣುತ್ತದೆ, ಹಾಗಾಗಿ ಮುಂದಿನವರಿಗೆ ಕೂಗಿ ಹೇಳುವುದು ಡಿಫೆಂಡರ್ ಕೆಲಸ. ಗೋಲಾದ ದಿನದಿಂದ ಇವಳು ಬಾಯಿ ಮುಚ್ಚಿಕೊಂಡಿದ್ದಳು. ಸ್ಪ್ರಿಂಗ್ ಮುಗಿಯುವವರೆಗೆ ಅಲ್ಲೇ ಇದ್ದಳು. ಮುಂದೆ ಕಾಲೇಜು ಬದಲಿಸುತ್ತಾಳೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಬದಲಿಸಿದರೂ ನನ್ನ ಅಡ್ಡಿಯಿಲ್ಲ. ಅವಳು ನನ್ನ ಹತ್ತಿರ ಬರುವುದು ನಿಂತಿದೆ. ಅಪ್ಪ ಮಾತ್ರ ಈಗಲೂ ಬರುತ್ತಾರೆ.