ಫೋನಿನೊಳಗೆ ಕಟ್ಟಪುಣಿಗೂ ಜಾಗ ಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ನಮ್ಮ ಪತ್ರಿಕೆಗೆ ಬರೆದ ಪತ್ರದ ಮುಖ್ಯ ಭಾಗ:

“ಕಳೆದ ನಾಲ್ಕು ಸಂಚಿಕೆಗಳಿಂದ ಮೊಬೈಲ್ ಫೋನಿನ ಬಗ್ಗೆ ಎರಡೆರಡು ಪುಟ ಬರೆಯುತ್ತಿದ್ದೀರಿ. ಮಾತನಾಡಿದರೆ ತಾನೇ ಬರೆದುಕೊಳ್ಳುತ್ತದೆ, ಕ್ಯಾಮೆರಾ ಹಿಡಿದರೆ ತಾನೇ ಓದುತ್ತದೆ ಎಂದು ಸಂಭ್ರಮಿಸುತ್ತೀರಿ. ಆ ಜಾಗದಲ್ಲಿ ನಾಲ್ಕು ಕವಿತೆ ಹಿಡಿಯುತ್ತಿತ್ತು. ಫೋನಿನ ಅಂಗಡಿಯವರು ಮಾಡಬೇಕಾದ ಕೆಲಸ ಗಡಿನಾಡಿನ ಕನ್ನಡ ಪತ್ರಿಕೆಗೆ ಯಾಕೆ? ಮಕ್ಕಳು ತಲೆ ಎತ್ತುವುದಿಲ್ಲ, ಕೈಬರಹ ಹಾಳಾಗಿದೆ, ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿಯೂ ಫೋನು. ನಲುವತ್ತು ವರ್ಷಗಳಿಂದ ನಮ್ಮೂರಿನ ಮಾತುಗಳನ್ನು ನೋಟುಪುಸ್ತಕದಲ್ಲಿ ಬರೆದಿಡುತ್ತಾ ಬಂದವನು ನಾನು. ಈ ಯಂತ್ರಗಳಿಂದ ಕನ್ನಡ ಉಳಿಯುತ್ತದೆಂಬ ನಂಬಿಕೆ ನನಗಿಲ್ಲ.”

ಮಾಸ್ತರರೇ,

ನಿಮ್ಮ ಅಕ್ಷರ ನೋಡಿಯೇ ಅರ್ಧ ಸೋತೆ. ಒತ್ತಕ್ಷರವೊಂದೂ ಮೇಲಿನ ಸಾಲಿಗೆ ತಾಗದಂತೆ ಬರೆಯುವವರು ನಮ್ಮ ಜಿಲ್ಲೆಯಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೆ? ನಿಮ್ಮ ದೂರುಗಳಲ್ಲಿ ಕೆಲವನ್ನು ಒಪ್ಪುತ್ತೇನೆ. ಯಕ್ಷಗಾನ ನೋಡಲು ಬಂದವರು ರಂಗಸ್ಥಳದ ಬದಲು ಫೋನಿನ ಪರದೆ ನೋಡುವುದು ನನಗೂ ಸೇರುವುದಿಲ್ಲ. ಒಟಿಪಿ ಕೇಳಿ ಪಿಂಚಣಿಯ ಹಣ ಲಪಟಾಯಿಸುವ ಕಳ್ಳರಿದ್ದಾರೆ, ಅವರ ಬಗ್ಗೆ ಮುಂದಿನ ತಿಂಗಳು ಬರೆಯುತ್ತೇವೆ. ಆದರೆ ಈ ಎರಡು ಪುಟಗಳನ್ನು ನಿಲ್ಲಿಸಲಾರೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ.

ನಮ್ಮ ಪತ್ರಿಕೆ ಶುರುವಾದದ್ದು ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ. ಕರಡಚ್ಚು ಮಂಗಳೂರಿನಿಂದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬರುತ್ತಿತ್ತು, ತಿದ್ದಿದ್ದು ಮರುದಿನ ಅದೇ ಬಸ್ಸಿನಲ್ಲಿ ಹಿಂದೆ ಹೋಗುತ್ತಿತ್ತು. ಆಟಿಯ ಮಳೆಯಲ್ಲಿ ಒಮ್ಮೆ ಕಟ್ಟು ಪೂರ್ತಿ ನೆನೆದು ಒಂದು ಸಂಚಿಕೆಯೇ ತಪ್ಪಿಹೋಯಿತು. ಇನ್ನೊಂದು ಸಂಗತಿಯನ್ನು ನೀವು ಮರೆತಿರಲಾರಿರಿ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ಅಚ್ಚಿನಲ್ಲಿ ಸರಿಯಾಗಿ ಕಾಣಿಸುವುದೇ ಕಷ್ಟವಾಗಿತ್ತು. ಞಕಾರಕ್ಕೆ ಞಕಾರದ ಒತ್ತು ಇರುವ ಮೊಳೆ ನಾವು ಹೋಗುತ್ತಿದ್ದ ಮುದ್ರಣಾಲಯದಲ್ಲಿ ಇರಲಿಲ್ಲ. ಸೊನ್ನೆ ಹಾಕಿ ಹೇಗೋ ಸುಧಾರಿಸುತ್ತಿದ್ದೆವು. ಕಾಸರಗೋಡಿನ ಕನ್ನಡಕ್ಕಾಗಿ ಬದುಕಿಡೀ ಹೋರಾಡಿದ ಕವಿಯ ಹೆಸರನ್ನು ಕಾಸರಗೋಡಿನ ಕನ್ನಡ ಪತ್ರಿಕೆಯೇ ತಪ್ಪಾಗಿ ಮುದ್ರಿಸುತ್ತಿತ್ತು. ಈಗ ಏಳನೆಯ ತರಗತಿಯ ಹುಡುಗಿ ಫೋನಿನಲ್ಲಿ ಮೂರು ಬಾರಿ ಬೆರಳೊತ್ತಿ ಆ ಞ್ಞವನ್ನು ಮೂಡಿಸುತ್ತಾಳೆ. ಇದನ್ನು ನೋಡಿ ನಾನು ಸಂಭ್ರಮಿಸಬಾರದೇ?

ನಡುವೆ ಕಂಪ್ಯೂಟರ್ ಬಂತು. ಅದರ ಮೊದಲ ಹತ್ತು ವರ್ಷಗಳಲ್ಲಿ ನಾವು ಕಳೆದುಕೊಂಡದ್ದೇ ಹೆಚ್ಚು. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಆಗ ಸಿಡಿಯಲ್ಲಿ ಜೋಪಾನವಾಗಿಟ್ಟ ಸಂಚಿಕೆಗಳನ್ನು ಮೊನ್ನೆ ತೆರೆದರೆ ಸಾಲು ಸಾಲಾಗಿ ಇಂಗ್ಲಿಷ್ ಅಕ್ಷರಗಳ ಕಸ ಕಾಣಿಸಿತು. ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರಗಳ ಒಂದೇ ಸಂಕೇತ, ಎಂಬ ಪದವನ್ನು ನಾವು ಮತ್ತೆ ಮತ್ತೆ ಬರೆಯುವುದು ಈ ಪೆಟ್ಟು ತಿಂದದ್ದರಿಂದ. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. ಅದು ಎಲ್ಲರ ಕೈಗೆ ಬಂದದ್ದು ಮಾತ್ರ ತಡವಾಗಿ, ಫೋನಿನ ಮೂಲಕ. ಈಗ ಇಲ್ಲಿ ಬರೆದ ‘ಕ’ ದುಬೈಯಲ್ಲಿರುವ ನಮ್ಮೂರಿನ ಹುಡುಗನ ಫೋನಿನಲ್ಲಿಯೂ ‘ಕ’ ಆಗಿಯೇ ಇಳಿಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಯೂ ಯೂನಿಕೋಡಿಗೆ ಸೇರಿತು. ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ ಆ ಲಿಪಿಯ ಓಲೆಗರಿಗಳು ಹುಳ ಹಿಡಿಯುತ್ತಿರುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು.

ಹೊಸತೆಂದರೆ ಹೊರಗಿನಿಂದ ಬಂದ ಹುಚ್ಚು ಎನ್ನುವ ಧಾಟಿ ನಿಮ್ಮ ಪತ್ರದಲ್ಲಿದೆ. ಕಂಪ್ಯೂಟರಿಗೆ ಕನ್ನಡ ಕಲಿಸಿದವರಲ್ಲಿ ನಮ್ಮ ಸೀಮೆಯವರೇ ಮುಂದಿದ್ದರು, ಮಾಸ್ತರರೇ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಮೊದಲು ವ್ಯಂಜನ, ಆಮೇಲೆ ಸ್ವರ. ನೀವು ಒಂದನೆಯ ತರಗತಿಯಲ್ಲಿ ಕಾಗುಣಿತ ಹೇಳಿಕೊಟ್ಟ ಕ್ರಮವೇ ಅದು. ಅವರು ಅದನ್ನು ಮಾರಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೂ ಹಿಂದೆ ಹೋಗುವುದಾದರೆ, ನಿಮ್ಮ ಮನೆಯ ಕಡೆ ತೋಟಕ್ಕೆ ನೀರು ಎಲ್ಲಿಂದ ಬರುತ್ತದೆ? ಗುಡ್ಡೆಯ ಮುರಕಲ್ಲಿಗೆ ಅಡ್ಡಕ್ಕೆ ಸುರಂಗ ಕೊರೆದು, ಪಂಪಿಲ್ಲದೆ ನೀರು ತಾನಾಗಿ ಹರಿದುಬರುವಂತೆ ಮಾಡಿದವರು ನಮ್ಮ ಹಿರಿಯರು. ಒಳಗೆ ಉಸಿರಾಡಲು ಗಾಳಿಯಿದೆಯೇ ಎಂದು ತಿಳಿಯಲು ಮೋಂಬತ್ತಿ ಹಚ್ಚಿಟ್ಟುಕೊಂಡು ಪಿಕಾಸಿ ಹಿಡಿಯುತ್ತಿದ್ದರು. ಅದೂ ಒಂದು ಕಾಲದ ಹೊಸ ತಂತ್ರಜ್ಞಾನವೇ. ಮೊದಲ ಸುರಂಗ ಕೊರೆದವನಿಗೂ ನೆರೆಮನೆಯವರು ಇದೇ ಬುದ್ಧಿ ಹೇಳಿರಬೇಕು.

ಇನ್ನು ಸಮುದ್ರದ ಕಡೆಗೆ ಬನ್ನಿ. ಮೊಬೈಲ್ ಫೋನಿನಿಂದ ಬಡವರಿಗೆ ಏನಾದೀತು ಎಂಬ ಪ್ರಶ್ನೆಗೆ ಲೋಕದಾದ್ಯಂತ ಉದಾಹರಿಸುವ ಅಧ್ಯಯನವೊಂದಿದೆ. ಅದು ನಡೆದದ್ದು ನಮ್ಮ ಕರಾವಳಿಯಲ್ಲಿ, ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಜಿಲ್ಲೆಗಳ ಮೀನು ಇಳಿಸುವ ಕಡಪ್ಪುರಗಳಲ್ಲಿ, ಅಂದರೆ ಕಡಲ ದಡಗಳಲ್ಲಿ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅದನ್ನು 2007ರಲ್ಲಿ ಪ್ರಕಟಿಸಿದರು. ಮೊಬೈಲ್ ಸಂಪರ್ಕ 1997ರಲ್ಲಿ ಕೋಝಿಕ್ಕೋಡಿಗೆ ಬಂತು, ಮರುವರ್ಷ ಕಣ್ಣೂರಿಗೆ, 2000ದಲ್ಲಿ ನಮ್ಮಲ್ಲಿಗೆ. ಬೇರೆಬೇರೆ ಕಾಲಕ್ಕೆ ಬಂದದ್ದರಿಂದ ಹಿಂದು ಮುಂದುಗಳನ್ನು ಹೋಲಿಸಲು ಅವರಿಗೆ ಅನುಕೂಲವಾಯಿತು. ಅದಕ್ಕೆ ಮೊದಲು ಬೂತಾಯಿ ಮೀನು ತುಂಬಿದ ದೋಣಿ ತನ್ನೂರಿನ ದಡಕ್ಕೇ ಬರುತ್ತಿತ್ತು. ಅಲ್ಲಿ ಕೊಳ್ಳುವವರಿಲ್ಲದಿದ್ದರೆ ಮೀನನ್ನು ಹಾಗೆಯೇ ಸಮುದ್ರಕ್ಕೆ ಚೆಲ್ಲಬೇಕು. ಅದೇ ಹೊತ್ತಿಗೆ ಹದಿನೈದು ಕಿಲೋಮೀಟರ್ ಆಚೆಯ ದಡದಲ್ಲಿ ಮೀನಿಲ್ಲದೆ ಜನ ಕಾಯುತ್ತಿರುತ್ತಿದ್ದರು. ಟವರಿನ ಸಂಕೇತ ಕಡಲಿನೊಳಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ತಲುಪುತ್ತಿದ್ದುದರಿಂದ ಮೀನುಗಾರರು ದೋಣಿಯಿಂದಲೇ ಕರೆಮಾಡಿ ಧಾರಣೆ ಕೇಳತೊಡಗಿದರು. ಮೀನು ಚೆಲ್ಲುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಶೇಕಡಾ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇಕಡಾ 4ರಷ್ಟು ಇಳಿಯಿತು. ಇಬ್ಬರಿಗೂ ಲಾಭ! ಮಾತನಾಡಲು ಮತ್ತು ಕೇಳಲು ಮಾತ್ರ ಬರುತ್ತಿದ್ದ ಫೋನು ಇಷ್ಟನ್ನು ಮಾಡಿತು. ಈ ಕಥೆ ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಇರಬೇಕಿತ್ತು.

ಗಡಿನಾಡಿನವರಿಗೆ ಫೋನು ಇನ್ನೂ ಒಂದು ಉಪಕಾರ ಮಾಡಿದೆ. 1956ರ ನವೆಂಬರ್ 1ರಂದು ರಾಜ್ಯಗಳನ್ನು ವಿಂಗಡಿಸಿ ಎಳೆದ ಗೆರೆ ನಮ್ಮ ಮನೆಗೂ ನಮ್ಮ ಪೇಟೆಗೂ ನಡುವೆ ಬಿತ್ತು. ಮನೆ ಇಲ್ಲಿ, ಆಸ್ಪತ್ರೆ, ಕಾಲೇಜು, ಅಡಿಕೆ ಮಾರುಕಟ್ಟೆ ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ಹೇಳಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಅಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು. ನಮ್ಮ ನೆರೆಮನೆಯ ವೃದ್ಧರಿಗೆ ಮಂಗಳೂರಿನ ವೈದ್ಯರದೇ ಚಿಕಿತ್ಸೆ. ಅವರ ಮಗಳು ಕಾಲಿನ ಬಾವನ್ನು ವಿಡಿಯೊ ಕರೆಯಲ್ಲಿ ತೋರಿಸಿ, ಮಾತ್ರೆಯ ಚೀಟಿಯನ್ನು ಫೋನಿಗೇ ತರಿಸಿಕೊಂಡು ಕುಂಬಳೆಯಲ್ಲಿ ಔಷಧ ಕೊಂಡಳು. ಆ ಮಣ್ಣಿನ ದಿಬ್ಬವನ್ನು ದಾಟಿದ್ದು ಅದೊಂದೇ. ತಲಪಾಡಿ ಕಳೆದೊಡನೆ ರೋಮಿಂಗ್ ಎಂದು ಹಣ ಕತ್ತರಿಸುತ್ತಿದ್ದ ಕಾಲವನ್ನು ನಾವಿಬ್ಬರೂ ಕಂಡಿದ್ದೇವೆ. ಆ ಗೆರೆಯಾದರೂ ಈಗ ಅಳಿಸಿಹೋಗಿದೆ.

ನಿತ್ಯದ ಉಪಯೋಗಗಳೂ ಎಷ್ಟೋ ಇವೆ. ನೀರ್ಚಾಲಿನ ನಮ್ಮ ಓದುಗರೊಬ್ಬರಿಗೆ ಎಂಬತ್ತು ದಾಟಿದೆ, ಕಣ್ಣು ಮಂದವಾಗಿದೆ. ಮೊಮ್ಮಗ ಈ ಪತ್ರಿಕೆಯ ಪುಟಗಳನ್ನು ಫೋನಿಗೆ ಹಿಡಿದುಕೊಡುತ್ತಾನೆ, ಅದು ಗಟ್ಟಿಯಾಗಿ ಓದುತ್ತದೆ, ಆಕೆ ಬತ್ತಿ ಹೊಸೆಯುತ್ತಾ ಕೇಳುತ್ತಾರೆ. ಉಚ್ಚಾರಣೆ ಅಲ್ಲಲ್ಲಿ ತಪ್ಪಿದರೆ ತಾನೇ ತಿದ್ದುತ್ತೇನೆ ಎಂದು ಹೇಳಿಕಳಿಸಿದ್ದಾರೆ. ಮಲಯಾಳ ಓದಲು ಬಾರದ ಹಿರಿಯರು ಗೋಡೆಯ ಮೇಲಿನ ಪ್ರಕಟಣೆಗೆ ಕ್ಯಾಮೆರಾ ತೋರಿಸಿ ಕನ್ನಡದಲ್ಲಿ ಅರ್ಥ ತಿಳಿದುಕೊಳ್ಳುತ್ತಿದ್ದಾರೆ, ಇನ್ನೊಬ್ಬರನ್ನು ಅಂಗಲಾಚುವ ಪ್ರಮೇಯವಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚಿಸಿದ ಕಿಟ್ಟೆಲ್ ಕೋಶವನ್ನು ಎತ್ತಲು ನಿಮಗೆ ಎರಡು ಕೈ ಬೇಕು. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳ ಕನ್ನಡ-ಇಂಗ್ಲಿಷ್ ಕೋಶ ‘ಅಲರ್’ ಎಂಬ ಹೆಸರಿನಲ್ಲಿ ಫೋನಿನಲ್ಲೇ ಉಚಿತವಾಗಿ ತೆರೆಯುತ್ತದೆ. ನಿಮ್ಮಂತೆಯೇ ಪದಗಳಿಗೆ ಮನಸ್ಸು ಕೊಟ್ಟವರು ಅವರು.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಕೇರಳದ 1969ರ ಆಡಳಿತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ನಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಕಾಗದದ ಮೇಲೆ ಉಳಿಸಿಕೊಳ್ಳಲು ನಿಮ್ಮ ತಲೆಮಾರು ಎಷ್ಟು ಮನವಿ ಬರೆದಿದೆ, ಎಷ್ಟು ಧರಣಿ ಕೂತಿದೆ! ಕಳೆದ ವರ್ಷ ಒಂದು ಕಚೇರಿಗೆ ಹೋಗಿದ್ದೆ. ಅರ್ಜಿ ಈಗ ಫೋನಿನಲ್ಲೇ ತುಂಬಬೇಕು ಎಂದರು. ತೆರೆದೆ. ಮಲಯಾಳ ಇತ್ತು, ಇಂಗ್ಲಿಷ್ ಇತ್ತು. ಮೊದಲು ಅದೇ ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ ಸಿಗುತ್ತಿತ್ತು. ಕಾಗದದಿಂದ ಫೋನಿಗೆ ಹೋಗುವ ದಾರಿಯಲ್ಲಿ ಕನ್ನಡ ಬಿದ್ದುಹೋಯಿತು, ಹೆಕ್ಕುವವರಿಲ್ಲ. ಖಾಸಗಿ ಕಂಪನಿಯೊಂದರ ಆ್ಯಪು ರಾಜ್ಯ ಯಾವುದು ಎಂದು ಕೇಳಿತು, ಕೇರಳ ಎಂದು ಒತ್ತಿದೆ. ಭಾಷೆ ಮಲಯಾಳ ಎಂದು ಅದೇ ತೀರ್ಮಾನಿಸಿತು. ಬೆಂಗಳೂರಿನ ಮಹನೀಯರು ನಮ್ಮನ್ನು ನವೆಂಬರಿನಲ್ಲಿ ನೆನೆಯುತ್ತಾರೆ, ವೇದಿಕೆಯಲ್ಲಿ ಶಾಲು ಹೊದಿಸುತ್ತಾರೆ. ಕರ್ನಾಟಕದ ಹೊರಗೂ ಕನ್ನಡಿಗರಿದ್ದಾರೆ, ಅವರಿಗೂ ಭಾಷೆ ಆರಿಸುವ ಅವಕಾಶ ಕೊಡಿ ಎಂದು ಯಾವ ಕಂಪನಿಗಾದರೂ ಅವರು ಒಂದು ಕಾಗದ ಬರೆದಿದ್ದಾರೆಯೇ?

ನೀವೂ ಬರೆಯಲಿಲ್ಲ, ಮಾಸ್ತರರೇ. ಇದನ್ನು ಹೇಳಲು ನನಗೆ ಸಂಕೋಚವಿದೆ, ಆದರೂ ಹೇಳುತ್ತೇನೆ. ಫೋನು ಮಕ್ಕಳ ಆಟಿಕೆ ಎಂದು ನಮ್ಮ ಹಿರಿಯರು ಮುಖ ತಿರುಗಿಸಿದರು. ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಬೀದಿಗಿಳಿಯುತ್ತಿದ್ದವರು ಆ್ಯಪಿನಲ್ಲಿ ಕನ್ನಡ ಇಲ್ಲದ್ದನ್ನು ಗಮನಿಸಲೇ ಇಲ್ಲ, ಏಕೆಂದರೆ ಅದನ್ನು ತೆರೆದೇ ನೋಡಿರಲಿಲ್ಲ. ಕಾಯುವವರಿಲ್ಲದ ಗದ್ದೆಗೆ ದನ ನುಗ್ಗಿತು.

ನಿಮ್ಮ ಪತ್ರವನ್ನೇ ಒಂದು ಪರೀಕ್ಷೆಗೆ ಒಡ್ಡಿದೆ. ಮೊದಲು ಕ್ಯಾಮೆರಾ ಹಿಡಿದೆ. ಅಚ್ಚಿನ ಅಕ್ಷರವನ್ನು ಚೆನ್ನಾಗಿ ಓದುವ ಫೋನು ನೀವು ಕೂಡಿಸಿ ಬರೆದ ಕೈಬರಹದ ಮುಂದೆ ತಡವರಿಸಿತು. ಆಮೇಲೆ ಗಟ್ಟಿಯಾಗಿ ಓದಿ ಹೇಳಿದೆ. ಗೂಗಲ್ 2017ರಲ್ಲಿ ಧ್ವನಿಯಿಂದ ಬರೆಯುವ ಸೌಲಭ್ಯಕ್ಕೆ ಕನ್ನಡವನ್ನು ಸೇರಿಸಿದ ಹೊಸತರಲ್ಲಿ ಒಂದು ವಾಕ್ಯಕ್ಕೆ ನಾಲ್ಕು ತಪ್ಪು ಬರುತ್ತಿತ್ತು. ಈ ಸಲ ನಿಮ್ಮ ಎರಡು ಪುಟ ನಾಲ್ಕು ನಿಮಿಷದಲ್ಲಿ ಇಳಿಯಿತು. ಎಡವಿದ್ದು ಒಂದೇ ಕಡೆ, ನೀವು ಬಾಲ್ಯದ ಶಾಲೆಯ ದಾರಿಯನ್ನು ವರ್ಣಿಸುವ ಸಾಲುಗಳಲ್ಲಿ. ಗದ್ದೆಯ ಬದುವಿಗೆ ನಾವು ಹೇಳುವ ‘ಕಟ್ಟಪುಣಿ’ಯನ್ನು ನಾನು ಉಚ್ಚರಿಸಿದರೆ ಅದು ‘ಕಟ್ಟು ಪುಣ್ಯ’ ಎಂದು ಬರೆಯಿತು. ಮೂರು ಸಲ ಹೇಳಿದೆ, ಮೂರು ಸಲವೂ ಪುಣ್ಯವೇ ಬಂತು. ಗದ್ದೆಯ ಅಂಚಿನಲ್ಲಿ ನಡೆದು ಶಾಲೆಗೆ ಹೋದ ನಮ್ಮ ನಾಡಿನ ಮಾತನ್ನು ಅದು ಕೇಳಿಯೇ ಇಲ್ಲ. ಯಂತ್ರ ಕಲಿಯುವುದು ಜನ ಬರೆದದ್ದರಿಂದ ಮತ್ತು ಆಡಿದ್ದರಿಂದ. ಕಾಸರಗೋಡಿನ ಕನ್ನಡವನ್ನು ಅದಕ್ಕೆ ಹೇಳಿಕೊಟ್ಟವರು ಯಾರು? ಯಂತ್ರಗಳಿಗೆ ನಮ್ಮ ದೇಶದ ಭಾಷೆಗಳನ್ನು ಕಲಿಸುವ ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆಯಲ್ಲಿ ‘ಭಾಷಾದಾನ’ ಎಂಬ ಒಂದು ವಿಭಾಗವಿದೆ. ಯಾರು ಬೇಕಾದರೂ ತಮ್ಮ ದನಿಯನ್ನು, ಬರಹವನ್ನು ಅಲ್ಲಿಗೆ ಕೊಡಬಹುದು. ಎಲ್ಲರೂ ಸೇರಿ ಅಂತರ್ಜಾಲದಲ್ಲಿ ಕಟ್ಟುವ ಪದಕೋಶವಾದ ವಿಕ್ಷನರಿಯಲ್ಲಿ ಪದ ಮತ್ತು ಅರ್ಥ ಸೇರಿಸಬಹುದು. ನಿಮ್ಮ ನೋಟುಪುಸ್ತಕ ಬೇಕಾಗಿರುವುದು ಅಲ್ಲಿ. ಕಪಾಟಿನಲ್ಲಿದ್ದರೆ ಅದನ್ನು ಓದುವವರು ನಾಲ್ವರು, ಅವರಲ್ಲಿ ಒಬ್ಬ ನಾನು.

ಬರುವ ಎರಡನೆಯ ಶನಿವಾರ ನಮ್ಮ ಕಚೇರಿಯ ಕಿರಿಯ ಸಹಾಯಕಿ ಬೆಳಗಿನ ಬಸ್ಸಿನಲ್ಲಿ ನಿಮ್ಮಲ್ಲಿಗೆ ಬರುತ್ತಾಳೆ. ಪುಟ ಪುಟವಾಗಿ ಫೋಟೊ ತೆಗೆಯುತ್ತಾಳೆ, ಪುಸ್ತಕ ನಿಮ್ಮ ಮೇಜು ಬಿಟ್ಟು ಕದಲುವುದಿಲ್ಲ. ಪದಗಳನ್ನು ನೀವು ಒಂದೊಂದಾಗಿ ಉಚ್ಚರಿಸಿ, ಆಕೆ ಧ್ವನಿಮುದ್ರಿಸಿಕೊಳ್ಳಲಿ. ಅವಳ ಫೋನಿನಲ್ಲಿ ಬೇಗನೆ ಚಾರ್ಜು ಮುಗಿಯುತ್ತದೆ, ಜಗಲಿಯಲ್ಲಿ ಪ್ಲಗ್ ಇರುವ ಕಡೆ ಕುರ್ಚಿ ಹಾಕಿಸಿ. ಕಟ್ಟಪುಣಿಯಿಂದಲೇ ಶುರುಮಾಡಿ.

— ಸಂಪಾದಕ